ಆಹಾರದ ಕೆಮಿಸ್ಟ್ರಿ ಓದಬೇಕು ಅಂತಿದ್ದೀರಾ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂದ ವಾರದಿಂದ ನನ್ನ ಫೋನ್ ಸುಮ್ಮನಿರುವುದಿಲ್ಲ. ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ಎಂಎಸ್ಸಿಯಲ್ಲಿ ನಾನು ಓದಿದ್ದು ಆಹಾರದ ಕೆಮಿಸ್ಟ್ರಿ. ಅದು ಹೇಗೋ ಊರೂರಿಗೆ ಗೊತ್ತಾಗಿದೆ. ಸಿಂದಗಿ, ಮುಧೋಳ, ಗೋಕಾಕ ಕಡೆಯಿಂದ ಮಕ್ಕಳು ಕೇಳುತ್ತಾರೆ, ಅವರ ತಂದೆ ತಾಯಿ ಕೇಳುತ್ತಾರೆ. ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಎಲ್ಲರಿಗೂ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ.

ಆಹಾರದ ಕೆಮಿಸ್ಟ್ರಿ ಅಂದ್ರೆ ಅಡುಗೆ ಕಲಿಯೋದಾ ಸರ್?

ಅಲ್ಲ. ಆದರೆ ಅಡುಗೆಮನೆಯಲ್ಲಿ ನಡೆಯುವುದು ಯಾಕೆ ಹಾಗೆ ನಡೆಯುತ್ತದೆ ಅಂತ ಕೇಳುವುದು ಈ ವಿಷಯದ ಕೆಲಸ.

ನಿಮ್ಮ ಮನೆಯ ಜೋಳದ ರೊಟ್ಟಿಯನ್ನೇ ತಗೊಳ್ಳಿ. ಅವ್ವ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹೊಯ್ಯುತ್ತಾಳೆ. ಕೈ ಸುಡುತ್ತದೆ, ಆದರೂ ಬಿಸಿ ಆರುವ ಮೊದಲೇ ನಾದುತ್ತಾಳೆ. ಚಪಾತಿ ಹಿಟ್ಟಿಗೆ ಮಾತ್ರ ತಣ್ಣೀರೇ ಸಾಕು. ಯಾಕೆ? ಗೋಧಿಯ ಪ್ರೋಟೀನ್ ನೀರು ಸೇರಿ ನಾದಿದಾಗ ಗ್ಲುಟೆನ್ ಎಂಬ ಎಳೆಎಳೆಯಾದ ಜಾಲ ಕಟ್ಟುತ್ತದೆ. ಎಳೆದರೆ ಹಿಗ್ಗುತ್ತದೆ, ಹರಿಯುವುದಿಲ್ಲ. ಜೋಳದ ಪ್ರೋಟೀನ್ ಬೇರೆ ಜಾತಿಯದು. ಅದರ ಹೆಸರು ಕಾಫಿರಿನ್. ಅದು ಆ ಜಾಲ ಕಟ್ಟುವುದಿಲ್ಲ. ಹಿಟ್ಟನ್ನು ಹಿಡಿದಿಡಲು ಇನ್ನೊಂದು ಅಂಟು ಬೇಕು. ಆ ಅಂಟು ಪಿಷ್ಟದಿಂದ ಬರುತ್ತದೆ. ಸುಮಾರು 70 ಡಿಗ್ರಿ ದಾಟಿದ ನೀರು ಬಿದ್ದರೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಎಸರು ಆರಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಡಿಯುವಾಗ ರೊಟ್ಟಿಯ ಅಂಚು ಬಿರುಕು ಬಿಡುತ್ತದೆ. ಆಗ ಅವ್ವ "ಹಿಟ್ಟಿಗೆ ಜಿಗಿನ ಇಲ್ಲ" ಅಂತಾಳೆ ನೋಡಿ, ಆ ಜಿಗಿಯನ್ನು ಅಳೆಯುವುದು, ಅದು ಎಲ್ಲಿಂದ ಬಂತು ಅಂತ ಹುಡುಕುವುದು ನಮ್ಮ ವಿಷಯ.

ಫುಡ್ ಟೆಕ್ನಾಲಜಿ, ನ್ಯೂಟ್ರಿಷನ್, ಆಹಾರದ ಕೆಮಿಸ್ಟ್ರಿ, ಇವೆಲ್ಲ ಒಂದೇನಾ?

ಅಕ್ಕಪಕ್ಕದ ಮನೆಗಳು. ಬೆಳಗಾವಿ ಕುಂದಾ ಮುಂದಿಟ್ಟುಕೊಂಡು ನೋಡಿ. ಹಾಲು, ಸಕ್ಕರೆ ಕಾಯುತ್ತಾ ಕಾಯುತ್ತಾ ಯಾಕೆ ಕಂದು ಬಣ್ಣಕ್ಕೆ ತಿರುಗಿ ಆ ಘಮ ಬಂತು ಅಂತ ಕೇಳುವವರು ಕೆಮಿಸ್ಟ್‌ಗಳು. ಹಾಲಿನ ಪ್ರೋಟೀನ್ ಮತ್ತು ಹಾಲಿನದೇ ಸಕ್ಕರೆ ಬಿಸಿಯಲ್ಲಿ ಸೇರುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸ್‌ನ ಲೂಯಿ ಕಮಿಲ್ ಮೆಯಾರ್ ವಿವರಿಸಿದರು. ಅವರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಅದೇ ಕುಂದಾವನ್ನು ದಿನಕ್ಕೆ ಕ್ವಿಂಟಲ್‌ಗಟ್ಟಲೆ ಒಂದೇ ರುಚಿಯಲ್ಲಿ ಮಾಡಿ, ಕೆಡದಂತೆ ಪ್ಯಾಕ್ ಮಾಡುವುದು ಹೇಗೆ ಅಂತ ಕೇಳುವವರು ಟೆಕ್ನಾಲಜಿಸ್ಟ್‌ಗಳು. ಯಾರು ಎಷ್ಟು ತಿನ್ನಬಹುದು, ತಿಂದರೆ ಮೈಗೆ ಏನಾಗುತ್ತದೆ ಅಂತ ಕೇಳುವವರು ನ್ಯೂಟ್ರಿಷನ್‌ನವರು.

ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಇರಬೇಕು?

ವಿಜ್ಞಾನ, ಅದರಲ್ಲಿ ಕೆಮಿಸ್ಟ್ರಿ ಇರಲೇಬೇಕು. ಪಿಸಿಎಂಬಿ ಇದ್ದರೆ ಯಾವ ದಾರಿಯೂ ಮುಚ್ಚುವುದಿಲ್ಲ. ಗಣಿತ ಬಿಟ್ಟವರಿಗೆ ಕೆಲವು ಬಿಟೆಕ್ ಕೋರ್ಸ್ ಸಿಗುವುದಿಲ್ಲ, ಬಿಎಸ್ಸಿ ಸಿಗುತ್ತದೆ. ಆಯಾ ವರ್ಷದ ಸಿಇಟಿ ಮಾಹಿತಿ ಪುಸ್ತಕವನ್ನು ಸ್ವತಃ ಓದಿ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಸೀಟು ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ.

ನಮ್ಮ ಮೂರು ಜಿಲ್ಲೆಯಲ್ಲಿ ಎಲ್ಲಿ ಓದಬಹುದು? ಹೊರಗೆ ಎಲ್ಲಿ?

ಮೂರು ದಾರಿ ಇವೆ.

ಒಂದು, ಹತ್ತಿರದ ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಇರುವ ಬಿಎಸ್ಸಿ, ಆಮೇಲೆ ಎಂಎಸ್ಸಿಯಲ್ಲಿ ಆಹಾರದ ಕಡೆ ತಿರುಗುವುದು. ನಾನು ಬಂದದ್ದು ಇದೇ ದಾರಿಯಲ್ಲಿ. ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬಂದು ಓದಬಹುದು, ಖರ್ಚು ಕಡಿಮೆ, ಕೆಮಿಸ್ಟ್ರಿಯ ಬುನಾದಿ ಗಟ್ಟಿಯಾಗುತ್ತದೆ.

ಎರಡು, ಸಿಇಟಿ ಬರೆದು ಕೃಷಿ, ತೋಟಗಾರಿಕೆ, ಡೇರಿ ಕಡೆ ಹೋಗುವುದು. ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಶುರುವಾದದ್ದು 2008ರಲ್ಲಿ. ಗೋಕಾಕ ಹತ್ತಿರದ ಅರಭಾವಿಯ ತೋಟಗಾರಿಕೆ ಕಾಲೇಜು ಇದಕ್ಕೇ ಸೇರಿದ್ದು. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ಇದೇ ವಿಶ್ವವಿದ್ಯಾಲಯದ ಆಹಾರ ತಂತ್ರಜ್ಞಾನದ ಬಿಟೆಕ್ ಇದೆ. ಹಾಲಿನ ಕಡೆ ಒಲವಿದ್ದರೆ ಬೆಂಗಳೂರಿನ ಹೆಬ್ಬಾಳ ಮತ್ತು ಕಲಬುರಗಿ ಜಿಲ್ಲೆಯ ಮಹಾಗಾಂವ್‌ನಲ್ಲಿ ಡೇರಿ ಕಾಲೇಜುಗಳಿವೆ. ರೈತರ ಮಕ್ಕಳು ಕೃಷಿಕರ ಕೋಟಾ ಮರೆಯಬೇಡಿ. ಅದಕ್ಕೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಹೊಲದಲ್ಲಿ ಕೆಲಸ ಮಾಡಿದವರಿಗೆ ಅದು ಕಷ್ಟವಲ್ಲ.

ಮೂರು, ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಮತ್ತು ಪೌಷ್ಟಿಕತೆಯದೇ ಒಂದು ವಿಭಾಗ ಇದೆ.

ಕಬ್ಬು, ಸಕ್ಕರೆ ಮೇಲೆ ಆಸಕ್ತಿ ಇದ್ದರೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯನ್ನು ಒಮ್ಮೆ ಹೋಗಿ ನೋಡಿಬನ್ನಿ. ಮುಂದೆ ಎಂಎಸ್ಸಿಗೆ ಅಂತ ಕೇಳಿದರೆ ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬಾ ಅರಮನೆಯಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅದು. ಪ್ರವೇಶ ಪರೀಕ್ಷೆ ಇರುತ್ತದೆ, ಸೀಟು ಕಡಿಮೆ. ಆದರೂ ಅರ್ಜಿ ಹಾಕಿ.

ನಾನು ಕನ್ನಡ ಮೀಡಿಯಂ. ನಿಭಾಯಿಸೋಕಾಗುತ್ತಾ?

ಆಗುತ್ತದೆ. ನಾನೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವನು. ಮೊದಲ ಆರು ತಿಂಗಳು ಕಷ್ಟ ಆಗುತ್ತದೆ. ಪಾಠ ಅರ್ಥವಾಗದೇ ಅಲ್ಲ, ಪದಗಳು ಹೊಸವು ಅಂತ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಿಮ್ಮ ಮಾತಿನಲ್ಲಿ ಅದರ ಅರ್ಥ. ನನ್ನ ವಿದ್ಯಾರ್ಥಿನಿ ಒಬ್ಬಳು ಎಮಲ್ಷನ್ ಎದುರಿಗೆ "ಎಣ್ಣಿ ನೀರು ಕೂಡಿ ಕುಂತದ್ದು" ಅಂತ ಬರೆದಿದ್ದಳು. ಪಠ್ಯಪುಸ್ತಕದ ವಿವರಣೆಗಿಂತ ಅದು ನನಗೆ ಹೆಚ್ಚು ಇಷ್ಟವಾಯಿತು.

ನಿಜವಾಗಿ ಏನೇನು ಕಲಿಸುತ್ತಾರೆ?

ನೀರು, ಪಿಷ್ಟ ಮತ್ತು ಸಕ್ಕರೆ, ಪ್ರೋಟೀನ್, ಕೊಬ್ಬು, ಆಮೇಲೆ ಕಿಣ್ವ (ಎಂಜೈಮ್), ವಿಟಮಿನ್, ಬಣ್ಣ, ವಾಸನೆ. ಇವೇ ಮುಖ್ಯ ಪಾಠಗಳು.

ನೀರಿನ ಪಾಠವನ್ನು ಮಕ್ಕಳು ಸುಮ್ನೆ ದಾಟಿಬಿಡುತ್ತಾರೆ, ಅದೊಂದು ಪಾಠವಾ ಅಂತ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪಾಠ ಅದೇ. ಆಹಾರದಲ್ಲಿ ಎಷ್ಟು ನೀರಿದೆ ಅನ್ನುವುದಕ್ಕಿಂತ ಆ ನೀರು ಎಷ್ಟು ಬಿಡುವಾಗಿದೆ ಅನ್ನುವುದು ಮುಖ್ಯ. ಸಕ್ಕರೆಯೋ ಉಪ್ಪೋ ಹಿಡಿದಿಟ್ಟುಕೊಂಡ ನೀರು ಬೂಷ್ಟಿಗೆ ಸಿಗುವುದಿಲ್ಲ. ಇದನ್ನು ವಾಟರ್ ಆಕ್ಟಿವಿಟಿ ಅಂತ 0ರಿಂದ 1ರ ಒಳಗೆ ಅಳೆಯುತ್ತಾರೆ. ಶುದ್ಧ ನೀರು 1. ಅದು 0.6ಕ್ಕಿಂತ ಕೆಳಗಿಳಿದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಕಡಕ್ ರೊಟ್ಟಿ ಒಣಗಿ ಗರಿಗರಿಯಾಗಿ ತಿಂಗಳುಗಟ್ಟಲೆ ಇರುತ್ತದೆ, ಮೆತ್ತಗಿನ ರೊಟ್ಟಿ ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಎರಡರದ್ದೂ ಒಂದೇ ಹಿಟ್ಟು, ಒಂದೇ ಹಂಚು. ಬೇರೆ ಇರುವುದು ನೀರಿನ ಲೆಕ್ಕ ಮಾತ್ರ.

ಕೊಬ್ಬಿನ ಪಾಠಕ್ಕೆ ನಮ್ಮ ಕುಸುಬಿ ಎಣ್ಣೆ ಒಳ್ಳೆಯ ಉದಾಹರಣೆ. ಅದರಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿ. ಆ ಆಮ್ಲದಲ್ಲಿ ಎರಡು ದ್ವಿಬಂಧ (ಡಬಲ್ ಬಾಂಡ್) ಇವೆ, ಗಾಳಿಯ ಆಮ್ಲಜನಕ ಬಂದು ಕೂರುವುದು ಅಲ್ಲೇ. ಹಾಗಾಗಿ ಬೆಳಕಿಗೆ ಇಟ್ಟ ಕುಸುಬಿ ಎಣ್ಣೆ ಬೇಗ ಕಮಟು ವಾಸನೆ ಬರುತ್ತದೆ. ಕತ್ತಲಲ್ಲಿ, ತುಂಬಿದ ಡಬ್ಬಿಯಲ್ಲಿ ಇಡಿ ಅಂತ ಹಿರಿಯರು ಹೇಳುವುದು ಇದಕ್ಕೇ.

ಪ್ರಾಕ್ಟಿಕಲ್ ಕಷ್ಟನಾ?

ಕಷ್ಟಕ್ಕಿಂತ ತಾಳ್ಮೆಯ ಕೆಲಸ. ಹಾಲಿನ ಕೊಬ್ಬು ಅಳೆಯುವ ಗರ್ಬರ್ ಪದ್ಧತಿ ಹೇಳುತ್ತೇನೆ, ನಿಮಗೇ ಗೊತ್ತಾಗುತ್ತದೆ.

ಬ್ಯುಟೈರೋಮೀಟರ್ ಅಂತ ಉದ್ದ ಕತ್ತಿನ ಗಾಜಿನ ಕೊಳವೆ ಇರುತ್ತದೆ, ಕತ್ತಿನ ಮೇಲೆ ಗೆರೆಗಳು. ಅದಕ್ಕೆ ಮೊದಲು 10 ಮಿಲಿ ಸಲ್ಫ್ಯೂರಿಕ್ ಆಮ್ಲ. ಮೇಲೆ 10.75 ಮಿಲಿ ಹಾಲು, ಗೋಡೆಗುಂಟ ನಿಧಾನ ಇಳಿಸಬೇಕು. ಅವಸರ ಮಾಡಿದರೆ ಹಾಲು ಸುಟ್ಟು ಕಪ್ಪು ಚೂರುಗಳಾಗುತ್ತವೆ. ಕೊನೆಗೆ 1 ಮಿಲಿ ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ, ಬಟ್ಟೆ ಸುತ್ತಿ ಅಲುಗಾಡಿಸಬೇಕು. ಕೊಳವೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಆಮ್ಲ ಪ್ರೋಟೀನನ್ನೆಲ್ಲ ಕರಗಿಸಿ ಕೊಬ್ಬನ್ನು ಬಿಡಿಸುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು ತೆಗೆದರೆ ಕಾಫಿ ಬಣ್ಣದ ದ್ರವದ ಮೇಲೆ ಜೇನುತುಪ್ಪದಂಥ ತಿಳಿ ಹಳದಿ ಪಟ್ಟಿ ನಿಂತಿರುತ್ತದೆ. ಅದೇ ಕೊಬ್ಬು. ಗೆರೆ ಎಣಿಸಿದರೆ ಶೇಕಡಾವಾರು ಬಂತು. ಆ ಪಟ್ಟಿಯನ್ನು ಮೊದಲ ಸಲ ನೋಡಿದಾಗ ಆದ ಖುಷಿ ನನಗೆ ಇವತ್ತೂ ನೆನಪಿದೆ.

ಅದನ್ನು ನಾನು ಮೊದಲ ಸಲ ನೋಡಿದ್ದು ಎಂಎಸ್ಸಿಗೆ ಹೋದ ಮೇಲೆ. ಅದು ನನಗೆ ಇನ್ನೂ ನೋವು ಕೊಡುವ ಸಂಗತಿ. ನಾನು ಬಿಎಸ್ಸಿ ಓದಿದ ಕಡೆ ಕೊಳವೆಗಳು ಬೀರುವಿನಲ್ಲೇ ಇದ್ದವು. ಒಡೆದರೆ ಯಾರು ಕೊಡುತ್ತಾರೆ ಅಂತ ಹೊರಗೆ ತೆಗೆಯುತ್ತಿರಲಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ರೀಡಿಂಗ್ ಬರೆಯಿರಿ ಅಂದರು, ನಾವೆಲ್ಲ ಬರೆದೆವು. ಎಂಎಸ್ಸಿ ಲ್ಯಾಬ್‌ನಲ್ಲಿ ಪಿಪೆಟ್ ಹಿಡಿದಾಗ ಕೈ ನಡುಗಿತು. ನೀವು ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ಮೇಜಿನ ಮೇಲೆ ಆಮ್ಲದ ಕಲೆ ಇದ್ದರೆ, ಸಿಂಕ್ ಒದ್ದೆಯಾಗಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಮಷೀನೇ ಎಲ್ಲ ಹೇಳುವಾಗ ಈ ಹಳೆ ಪದ್ಧತಿಗಳು ಯಾಕೆ?

ಮಷೀನು ಏನನ್ನು ಅಳೆಯುತ್ತಿದೆ ಅಂತ ಗೊತ್ತಿರಬೇಕು, ಅದಕ್ಕೆ. 1883ರಲ್ಲಿ ಡೆನ್ಮಾರ್ಕ್‌ನ ಯೋಹಾನ್ ಕೆಲ್ದಾಲ್ ಪ್ರೋಟೀನ್ ಅಳೆಯುವ ದಾರಿ ಕಂಡುಹಿಡಿದರು. ಅದು ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಪ್ರೋಟೀನಿನಲ್ಲಿ ಸುಮಾರು ಶೇ 16 ಸಾರಜನಕ ಇರುತ್ತದೆ ಅಂತ ಹಿಡಿದು 6.25ರಿಂದ ಗುಣಿಸುತ್ತೇವೆ. ಇಲ್ಲೊಂದು ಕಳ್ಳದಾರಿ ಇದೆ ಅಲ್ವಾ? ಸಾರಜನಕ ಇರುವ ಬೇರೇನನ್ನೋ ಬೆರೆಸಿದರೂ ಲೆಕ್ಕದಲ್ಲಿ ಪ್ರೋಟೀನ್ ಜಾಸ್ತಿ ಬರುತ್ತದೆ. 2008ರಲ್ಲಿ ಚೀನಾದಲ್ಲಿ ಆದದ್ದು ಇದೇ. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ, ಸಾರಜನಕ ತುಂಬಿದ ಕೈಗಾರಿಕಾ ರಾಸಾಯನಿಕ ಹಾಕಿದರು. ಆ ಹಾಲಿನ ಪುಡಿ ಕುಡಿದ ಹಸುಗೂಸುಗಳ ಕಿಡ್ನಿ ಹಾಳಾದವು, ಕೆಲವು ಕೂಸುಗಳು ತೀರಿಕೊಂಡವು. ಪದ್ಧತಿಯ ಒಳಗನ್ನು ತಿಳಿದವನಿಗೇ ಇಂಥ ಮೋಸ ಹಿಡಿಯಲು ಆಗುವುದು.

ನಮ್ಮ ಊರಿನ ಹಾಲಿನ ಡೇರಿಯಲ್ಲೂ ಇದೇ ಪಾಠ. ಹಾಲಿನ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರ್ ನೀರು ಬೆರೆಸಿದರೆ ಕೆಳಗೆ ಮುಳುಗುತ್ತದೆ. ಕೆನೆ ತೆಗೆದರೆ ಮೇಲೆ ತೇಲುತ್ತದೆ. ಎರಡನ್ನೂ ಮಾಡಿದರೆ ಸರಿಯಾದ ಜಾಗದಲ್ಲೇ ನಿಲ್ಲಬಹುದು. ಹಾಗಾಗಿ ಕೊಬ್ಬನ್ನೂ ಅಳೆಯಲೇಬೇಕು.

ಪ್ರಾಜೆಕ್ಟ್‌ಗೆ ಯಾವ ವಿಷಯ ತಗೊಳ್ಳಲಿ?

ದಯವಿಟ್ಟು ನೆಟ್‌ನಿಂದ ಎತ್ತಿಕೊಂಡು ಬರಬೇಡಿ. ನಮ್ಮ ಸುತ್ತ ಇರುವುದೇ ಬೇಕಾದಷ್ಟಿದೆ.

ಬೆಲ್ಲ ನೋಡಿ. ಮಹಾಲಿಂಗಪುರದ ಬೆಲ್ಲದ ಪೇಟೆ ನಿಮಗೆ ಗೊತ್ತೇ ಇದೆ. ಗಾಣದ ಮನೆಗೆ ಹೋಗಿ ಒಂದು ಇಡೀ ಕೊಪ್ಪರಿಗೆ ಇಳಿಯುವವರೆಗೆ ನಿಂತು ನೋಡಿ. ಕಬ್ಬಿನ ಹಾಲು ಸ್ವಲ್ಪ ಹುಳಿ, ಪಿಎಚ್ 5ರ ಆಸುಪಾಸು. ಹುಳಿಯಲ್ಲಿ ಕುದಿಸಿದರೆ ಸುಕ್ರೋಸ್ (ಕಬ್ಬಿನ ಸಕ್ಕರೆ) ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ, ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಅದಕ್ಕೇ ಸುಣ್ಣದ ತಿಳಿನೀರು ಹಾಕಿ ಹುಳಿ ಮುರಿಯುತ್ತಾರೆ. ಬೆಂಡೆ ಗಿಡದ ಲೋಳೆ ಹಾಕಿದರೆ ಕಸವೆಲ್ಲ ಅದಕ್ಕೆ ಅಂಟಿ ಮೇಲೆ ಬರುತ್ತದೆ, ಜಾಲರಿಯಿಂದ ತೆಗೆಯುತ್ತಾರೆ. 118 ಡಿಗ್ರಿ ಹತ್ತಿರ ಬಂದಾಗ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಹದ ಬಂತು. ಆ ಮನುಷ್ಯನ ಬೆರಳಿಗೂ ನಿಮ್ಮ ಥರ್ಮಾಮೀಟರಿಗೂ ಎಷ್ಟು ವ್ಯತ್ಯಾಸ ಅಂತ ಹತ್ತು ಸಲ ಅಳೆದು ಬರೆಯಿರಿ. ಅಷ್ಟೇ ಒಂದು ಒಳ್ಳೆಯ ಪ್ರಾಜೆಕ್ಟ್.

ಇನ್ನೂ ಮುಂದೆ ಹೋಗಬೇಕಾದರೆ ಹೈಡ್ರೋಸ್ ಇದೆ. ಹಳದಿ ಬೆಲ್ಲಕ್ಕೆ ರೇಟು ಜಾಸ್ತಿ ಅಂತ ಕೆಲವು ಕಡೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕಿ ಬಣ್ಣ ತಿಳಿ ಮಾಡುತ್ತಾರೆ. ಅದು ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಸುತ್ತದೆ. ಕಾನೂನಿನ ಮಿತಿ 70 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 70 ಭಾಗ. ಪೇಟೆಯ ಐದು ಪೆಂಟಿ ಬೆಲ್ಲ ತಂದು ಅಳೆಯಿರಿ. ಆದರೆ ರೈತರನ್ನು ಕಳ್ಳರಂತೆ ನೋಡಬೇಡಿ. ಕಪ್ಪು ಬೆಲ್ಲ ಬೇಡ ಅಂತ ತಿರುಗಿಸಿ ಇಡುವವರು ನಾವೇ ಗಿರಾಕಿಗಳು.

ವಿಜಯಪುರ, ತಿಕೋಟಾ ಕಡೆಯವರಿಗೆ ಒಣದ್ರಾಕ್ಷಿ ಇದೆ. ಹಣ್ಣಿನ ಮೇಲೆ ಮೇಣದ ತೆಳು ಪದರ ಇರುತ್ತದೆ, ಅದು ನೀರನ್ನು ಹೊರಗೆ ಬಿಡುವುದಿಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಗೊನೆ ಅದ್ದಿ ತೆಗೆದರೆ ಆ ಮೇಣ ಸಡಿಲವಾಗುತ್ತದೆ. ಶೆಡ್ಡಿನ ನೆರಳಿನಲ್ಲಿ ಬೇಗ ಒಣಗಿದ ಹಣ್ಣು ಹಸಿರಾಗೇ ಉಳಿಯುತ್ತದೆ. ನಿಧಾನ ಒಣಗಿದರೆ ಹಣ್ಣಿನ ಕಿಣ್ವಕ್ಕೆ ಸಮಯ ಸಿಕ್ಕು ಕಂದಾಗುತ್ತದೆ. ನಡುವೆ ಅಕಾಲದ ಮಳೆ ಬಂದರೆ ರೈತನ ವರ್ಷದ ದುಡಿಮೆ ಹೋಯಿತು. ಈ ವಿಷಯದ ಮೇಲೆ ಕೆಲಸ ಮಾಡುವ ಮಕ್ಕಳು ನಮ್ಮ ಜಿಲ್ಲೆಯಿಂದಲೇ ಬರಬೇಕು ಅಂತ ನನಗೆ ಬಹಳ ಆಸೆ.

ನಮ್ಮ ಅಪ್ಪ "ಊಟದಾಗ ಕೆಮಿಕಲ್ ಹಾಕೋದು ಕಲಿಸ್ತಾರೇನು?" ಅಂತಾರೆ. ಏನು ಹೇಳಲಿ?

ಅವರ ಆತಂಕ ಸುಳ್ಳಲ್ಲ, ಮೊದಲು ಅದನ್ನು ಒಪ್ಪಿಕೊಳ್ಳಿ. ಆಮೇಲೆ ಶೇಂಗಾ ತೋರಿಸಿ ಹೇಳಿ. ಒದ್ದೆ ಇದ್ದಾಗಲೇ ಚೀಲಕ್ಕೆ ತುಂಬಿದ ಶೇಂಗಾಕ್ಕೆ ಬೂಷ್ಟು ಬಂದರೆ ಅದರಲ್ಲಿ ಅಫ್ಲಟಾಕ್ಸಿನ್ ಹುಟ್ಟುತ್ತದೆ. ಯಾರೂ ಹಾಕಿದ್ದಲ್ಲ, ತಾನಾಗಿ ಬಂದದ್ದು. ಆದರೂ ಲಿವರ್ ಕ್ಯಾನ್ಸರ್ ತರಬಲ್ಲ ವಿಷ. ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಶೇಂಗಾದ ಹಿಂಡಿ ತಿಂದ ಎಮ್ಮೆಯ ಹಾಲಿಗೂ ಅದರ ಇನ್ನೊಂದು ರೂಪ ಬರುತ್ತದೆ. ಹಾಲಿನಲ್ಲಿ ಅದು ಕೆಜಿಗೆ 0.5 ಮೈಕ್ರೋಗ್ರಾಂ ದಾಟಬಾರದು ಅಂತ ನಿಯಮ ಇದೆ. ಅಷ್ಟು ಸಣ್ಣ ಪ್ರಮಾಣವನ್ನು ಕಂಡುಹಿಡಿಯುವುದನ್ನೇ ಮಗ ಕಲಿಯುತ್ತಿದ್ದಾನೆ ಅಂತ ಹೇಳಿ.

ಓದಿದ ಮೇಲೆ ಕೆಲಸ?

ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳು ಜಾಸ್ತಿ. ಲ್ಯಾಬ್ ಕೆಮಿಸ್ಟ್, ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್ ಕೆಲಸ ಸಿಗುತ್ತದೆ. ಬ್ರಿಕ್ಸ್ (ರಸದಲ್ಲಿ ಕರಗಿದ ಒಟ್ಟು ಘನಾಂಶ), ಪೋಲ್ (ಅದರಲ್ಲಿನ ಸಕ್ಕರೆಯ ಅಳತೆ) ನೋಡುವ ಕೆಲಸ, ಶಿಫ್ಟ್ ಇರುತ್ತದೆ. ಕೆಲವು ಕಡೆ ಕಬ್ಬು ಅರೆಯುವ ಹಂಗಾಮಿಗೆ ಮಾತ್ರ ತಗೊಳ್ಳುತ್ತಾರೆ. ಸೇರುವ ಮೊದಲೇ ಅದನ್ನು ಬಾಯಿಬಿಟ್ಟು ಕೇಳಿ. ಹಾಲು ಒಕ್ಕೂಟಗಳ ಡೇರಿ, ಎಣ್ಣೆ ಮಿಲ್ಲು, ಮಸಾಲೆ, ಬಿಸ್ಕತ್ತು ಕಂಪನಿಗಳ ಕ್ವಾಲಿಟಿ ವಿಭಾಗ, ಖಾಸಗಿ ಟೆಸ್ಟಿಂಗ್ ಲ್ಯಾಬ್ ಇವೆ. ಮೊದಲ ಸಂಬಳ ದೊಡ್ಡದಿರುವುದಿಲ್ಲ. ಕೈ ಪಳಗಿದವರಿಗೆ ಎರಡು ಮೂರು ವರ್ಷದಲ್ಲಿ ಬೇಡಿಕೆ ಬರುತ್ತದೆ.

ಸರ್ಕಾರಿ ಕಡೆ, 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೆ ಆಹಾರ ಸುರಕ್ಷತಾ ಅಧಿಕಾರಿ ಹುದ್ದೆ ಇದೆ. ಫುಡ್ ಟೆಕ್ನಾಲಜಿ, ಡೇರಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಪದವಿ ಆದವರಿಗೆ ಅರ್ಹತೆ ಇದೆ. ಕೆಮಿಸ್ಟ್ರಿಯವರಿಗೆ ಎಂಎಸ್ಸಿ ಆಗಿರಬೇಕು. ಬರೀ ಬಿಎಸ್ಸಿ ಕೆಮಿಸ್ಟ್ರಿ ಸಾಲದು, ಇದು ಅನೇಕರಿಗೆ ತಡವಾಗಿ ಗೊತ್ತಾಗುತ್ತದೆ. ಫುಡ್ ಅನಾಲಿಸ್ಟ್ ಆಗಲು ಎಂಎಸ್ಸಿಯ ಮೇಲೆ ಆಹಾರ ಪರೀಕ್ಷೆಯಲ್ಲಿ ಮೂರು ವರ್ಷ ಅನುಭವ ಬೇಕು, ಜೊತೆಗೆ ಪರೀಕ್ಷೆ ಪಾಸಾಗಬೇಕು.

ಗೇಟ್ (ಎಂಟೆಕ್‌ನಂಥ ಮುಂದಿನ ಓದಿಗೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಬರೆಯಬಹುದಾ?

ಬರೆಯಬಹುದು. ಲೈಫ್ ಸೈನ್ಸಸ್ ಪೇಪರ್‌ನಲ್ಲಿ ಫುಡ್ ಟೆಕ್ನಾಲಜಿ ಒಂದು ಆಯ್ಕೆ. ಅದೇ ಪೇಪರ್‌ನಲ್ಲಿ ಕೆಮಿಸ್ಟ್ರಿ ಭಾಗ ಎಲ್ಲರಿಗೂ ಕಡ್ಡಾಯ.

ಮಗಳನ್ನು ಲ್ಯಾಬ್ ಕೆಲಸಕ್ಕೆ ಕಳಿಸಬಹುದಾ ಸರ್?

ಕಳಿಸಿ. ನನ್ನ ಕ್ಲಾಸಿನಲ್ಲಿ ಅತ್ಯಂತ ಚೊಕ್ಕಟ ಟೈಟ್ರೇಷನ್ ಮಾಡುವವರು ಹೆಣ್ಣುಮಕ್ಕಳೇ. ರಾತ್ರಿ ಶಿಫ್ಟ್ ಬೇಡ ಅಂದರೆ ಟೆಸ್ಟಿಂಗ್ ಲ್ಯಾಬ್, ಕಾಲೇಜು, ಸಂಶೋಧನೆ ಇವೆ. ಆದರೆ ಅದನ್ನು ಅವಳೇ ತೀರ್ಮಾನಿಸಲಿ.

ಫೀಸು ಕಟ್ಟೋದು ಕಷ್ಟ ಇದೆ.

ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆಯಾ, ನಿಮಗೆ ಬರುತ್ತದಾ ಅಂತ ಕಾಲೇಜು ಆಫೀಸಿನಲ್ಲಿ ವಿಚಾರಿಸಿ. ಆಧಾರ್, ಬ್ಯಾಂಕ್ ಖಾತೆ, ಜಾತಿ-ಆದಾಯ ಪತ್ರದಲ್ಲಿ ಹೆಸರು ಒಂದೇ ರೀತಿ ಇದೆಯಾ ಅಂತ ಜೂನ್‌ಗೆ ಮೊದಲೇ ನೋಡಿಕೊಳ್ಳಿ.

ಕಾಲೇಜು ಶುರುವಾಗುವ ಮೊದಲು ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ?

ಖಂಡಿತ. ಒಂದು ಬದನೆಕಾಯಿ ನಾಲ್ಕು ಹೋಳು ಮಾಡಿ. ಒಂದನ್ನು ಹಾಗೇ ಬಿಡಿ, ಒಂದನ್ನು ನೀರಿನಲ್ಲಿ ಮುಳುಗಿಸಿ, ಒಂದಕ್ಕೆ ಇಂಡಿ ಲಿಂಬೆಯ ರಸ ಹಚ್ಚಿ, ಒಂದನ್ನು ಎರಡು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ. ಐದೈದು ನಿಮಿಷಕ್ಕೆ ಬಣ್ಣ ನೋಡಿ ಬರೆಯಿರಿ. ಕೊಯ್ದ ಹೋಳು ಕಂದಾಗುವುದು ಅದರ ಕಿಣ್ವ ಗಾಳಿಯ ಜೊತೆ ಸೇರಿ ಮಾಡುವ ಕೆಲಸ. ನೀರು ಗಾಳಿಯನ್ನು ತಡೆಯುತ್ತದೆ, ಲಿಂಬೆಯ ಹುಳಿ ಕಿಣ್ವದ ಕೆಲಸ ನಿಧಾನ ಮಾಡುತ್ತದೆ, ಬಿಸಿ ಕಿಣ್ವವನ್ನೇ ಕೆಡಿಸುತ್ತದೆ. ಮೂರೂ ಬೇರೆ ಬೇರೆ ಕಾರಣ. ಪುಟದ ಮೇಲೆ ತಾರೀಖು ಹಾಕಿ, ಕಂಡದ್ದನ್ನೇ ಬರೆಯಿರಿ, ತಪ್ಪಾದರೆ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಮೊದಲ ದಿನ ಲ್ಯಾಬ್‌ಗೆ ಬರುವಾಗ ಆ ನೋಟ್‌ಬುಕ್ ತನ್ನಿ.